ಆಡುಸೋಗೆಯ ಪರವಾಗಿ ನಾಲ್ಕನೆಯ ಸಾಕ್ಷಿ

ಮನುಷ್ಯನಿಗೆ ಬೇಕಾದರೆ ಜ್ವರ ಬರಲಿ, ಒಣಕೆಮ್ಮು ಮಾತ್ರ ಬರಬಾರದು. ಜ್ವರ ಬಂದವನನ್ನು ನೋಡಲು ಬರುವವರು ಮೋಸಂಬಿ ತರುತ್ತಾರೆ. ಕೆಮ್ಮುವವನ ಮನೆಗೆ ಬರಿಗೈಯಲ್ಲಿ ಬಂದು, ಒಂದೊಂದು ಔಷಧಿ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಬೇರೆಯವರಾದರೆ ಹೇಗೋ ಕೆಮ್ಮುತ್ತಲೇ ಸಂಸಾರ ಸಾಗಿಸಬಹುದು. ನನ್ನ ಅನ್ನವೇ ಗಂಟಲಿನದು. ಕೊಪ್ಪಳದ ಒಂದು ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು, ಕಟಕಟೆ ಹತ್ತಿದವರಿಂದ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸುವುದು ನನ್ನ ನೌಕರಿ. ನನ್ನ ಕೂಗಿಗೆ ಹೊರಗೆ ಬೇವಿನ ಮರದ ಕೆಳಗೆ ಮಲಗಿದವರೂ ಎದ್ದು ಓಡಿ ಬರುತ್ತಾರೆಂಬ ಜಂಬ ನನಗಿತ್ತು. ಈಗಲೂ ಇದೆ.

ಅಂಥ ಗಂಟಲಿಗೆ ಕೆಮ್ಮು ಹತ್ತಿತು. ಒಂದು ದಿನ 'ದ್ಯಾಮಣ್ಣ ತಂದೆ ಹನುಮಪ್ಪ' ಎಂದು ಕೂಗಹೋದರೆ ದ್ಯಾಮಣ್ಣನನ್ನು ಕೆಮ್ಮು ನುಂಗಿತು, ಹನುಮಪ್ಪ ಮಾತ್ರ ಹೊರಬಿದ್ದ. ನಮ್ಮ ಸೀಮೆಯಲ್ಲಿ ಹನುಮಪ್ಪಗಳಿಗೇನು ಬರವೇ? ನಾಲ್ವರು ಕೈಮುಗಿದು ಒಳಗೆ ಬಂದರು. ಅದರಲ್ಲೊಬ್ಬ ಯಾವ ಕೇಸೂ ಇಲ್ಲದೆ, ನೆರಳಿಗೆಂದು ಕೂತಿದ್ದವನು. ಜಡ್ಜ್ ಸಾಹೇಬರು ಕನ್ನಡಕ ತೆಗೆದು, "ತಿಂಗಳ ಕೊನೆಯೊಳಗೆ ಕೆಮ್ಮು ನಿಲ್ಲದಿದ್ದರೆ ನಿಮ್ಮನ್ನು ಹಳೆಯ ಕಡತಗಳ ಕೋಣೆಗೆ ಹಾಕಬೇಕಾಗುತ್ತದೆ" ಎಂದರು. ಆ ಕೋಣೆಯ ಧೂಳಿಗೆ ಹಲ್ಲಿ ಕೂಡ ಕೆಮ್ಮುತ್ತದೆ. ನನಗೆ ಅಳುವೇ ಬಂತು. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಒಳಗೇನೂ ಇಲ್ಲವೆಂದು ಧೈರ್ಯ ಹೇಳಿ, ಒಂದು ಸಿರಪ್ಪು ಕೊಟ್ಟರು.

ಅಷ್ಟರಲ್ಲಿ ಹೆಂಡತಿ ತವರಿಗೆ ಫೋನು ಹಚ್ಚಿದ್ದಳು. ಮರುದಿನವೇ ಕುಕನೂರಿನಿಂದ ನಮ್ಮತ್ತೆ ಒಂದು ಚೀಲ ಆಡುಸೋಗೆ ಸೊಪ್ಪಿನೊಂದಿಗೆ ಬಂದಿಳಿದರು.

"ಅಳಿಯಾರ, ಮುಂಜಾನಿ ಸಂಜಿಕ ಇದರ ಕಷಾಯ ಕುಡೀರಿ. ಆ ಬಾಟ್ಲಿ ಮಾತ್ರ ಮುಟ್ಟಬ್ಯಾಡ್ರಿ. ಎರಡೂ ಕುಡದ್ರ ಯಾವುದರಿಂದ ಗುಣ ಆತು ಅಂತ ಹ್ಯಾಂಗ ತಿಳೀಬೇಕು?"

ನ್ಯಾಯವಾದ ಮಾತೇ. ಆದರೆ ಕೋರ್ಟಿನ ಗಾಳಿ ಕುಡಿದ ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಅತ್ತಿ, ಇದರಿಂದ ಕೆಮ್ಮು ಹೋಗ್ತೈತಿ ಅನ್ನಾಕ ಸಾಕ್ಷಿ ಏನೈತ್ರಿ?" ಎಂದುಬಿಟ್ಟೆ. ಅತ್ತೆ ಫೋನು ಹಿಡಿದು ಹಿತ್ತಲಿಗೆ ಹೋದರು. ಭಾನುವಾರ ಬೆಳಿಗ್ಗೆ ಮನೆಮುಂದೆ ಟಂಟಂ ಆಟೋ ನಿಂತು, ಅವರ ಊರಿನ ಮೂವರು ಇಳಿದರು.

"ಸಾಕ್ಷಿ ಕೇಳಿದ್ರಲ್ಲಾ, ಕರಸೀನಿ. ಕೇಳ್ರಿ ಈಗ" ಎಂದರು ಅತ್ತೆ.

ಮೂವರೂ ಪಡಸಾಲೆಯಲ್ಲೇ ಕೂತಿದ್ದರೂ ನಾನು ಬಾಗಿಲಿಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಮೂರು ಮೂರು ಸಲ ಕೂಗಿದೆ, ನಡುನಡುವೆ ಕೆಮ್ಮಿದೆ. ಮೊದಲನೆಯವರು ಮುದುಕ ಬಸಣ್ಣ. ಎಷ್ಟು ದಿನ ಕಷಾಯ ಕುಡಿದಿರೆಂದು ಕೇಳಿದೆ.

"ಕೆಮ್ಮು ಹೋಗೂತನಕ ಕುಡದೇರಿ. ಹೋದ ಮ್ಯಾಲೆ ಬಿಟ್ಟೆ."

ಎರಡನೆಯವಳು ನೀಲವ್ವ. "ನನಗ ಕೆಮ್ಮ ಇರಲಿಲ್ಲರಿ. ಆದ್ರೂ ಕುಡದೆ. ಇವತ್ತಿನತನಕ ಬಂದಿಲ್ಲ ನೋಡ್ರಿ!"

ಮೂರನೆಯವನು ಫಕೀರಪ್ಪ, ಕುಡಿದದ್ದು ತಾನಲ್ಲ, ತನ್ನ ಎಮ್ಮೆ ಎಂದ. ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದ. ಎಮ್ಮೆ ನಿರಾಳವಾಗಿ ಮೆಲುಕು ಹಾಕುತ್ತಿತ್ತು, ಒಮ್ಮೆಯೂ ಕೆಮ್ಮಲಿಲ್ಲ. "ಮನಷ್ಯಾ ಸುಳ್ಳ ಹೇಳ್ತಾನ್ರಿ, ಎಮ್ಮಿ ಹೇಳ್ತೈತೇನ್ರಿ?" ಎಂದು ಅವನು ಕೇಳಿದಾಗ ನನ್ನ ಪಾಟೀಸವಾಲು ಅಲ್ಲಿಗೇ ಮುಗಿಯಿತು. ಸಾಕ್ಷಿಗಳು ರೊಟ್ಟಿ, ಎಣ್ಣೆಗಾಯಿ ಉಂಡು ಹೋದರು.

ಕಷಾಯ ಶುರುವಾಯಿತು. ಅದರ ಕಹಿಗೆ ಮೊದಲ ಗುಟುಕಿನಲ್ಲೇ ನನ್ನ ಸತ್ತ ಹಿರಿಯರೆಲ್ಲ ನೆನಪಾದರು. ಆದರೆ ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಕಡತದ ಕೋಣೆ ಕಣ್ಣಮುಂದೆ ಕುಣಿಯುತ್ತಿತ್ತು. ಸಿರಪ್ಪನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಚ್ಚಿಟ್ಟು, ಗಾಡಿ ಒರೆಸುವ ನೆಪದಲ್ಲಿ ದಿನಕ್ಕೆರಡು ಸಲ ಕುಡಿಯತೊಡಗಿದೆ. "ಏನ್ರೀ, ಮದವಿಯಾದಾಗಿಂದ ಒಮ್ಮೆರ ಒರಸದ ಗಾಡಿ!" ಎಂದು ಹೆಂಡತಿ ಹುಬ್ಬೇರಿಸಿದಳು.

ಎಂಟು ದಿನಕ್ಕೆ ಕೆಮ್ಮು ನಿಂತಿತು. ಕೋರ್ಟಿನಲ್ಲಿ ನನ್ನ ಕೂಗು ಕೇಳಿ ಸಾಹೇಬರು ತಲೆಯಾಡಿಸಿದರು. ಕೆಲಸ ಉಳಿಯಿತು. ಸುದ್ದಿ ಕೇಳಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮುದಿ ಜೀವ ನನಗಾಗಿ ದಿನಾ ನಸುಕಿಗೆ ಎದ್ದು ಕಷಾಯ ಕುದಿಸಿತ್ತು. ಡಿಕ್ಕಿಯ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಅತ್ತೆ ನನ್ನನ್ನು ಕುಕನೂರಿಗೆ ಕರೆದೊಯ್ದರು. ಅಲ್ಲೊಬ್ಬ ಸಾಲಿ ಮಾಸ್ತರು ಕೆಮ್ಮುತ್ತ, ಕಷಾಯಕ್ಕೆ ಪುರಾವೆ ಕೇಳುತ್ತ ಕೂತಿದ್ದರು. ಬಸಣ್ಣ, ನೀಲವ್ವ, ಫಕೀರಪ್ಪ ತಮ್ಮ ತಮ್ಮ ಹೇಳಿಕೆ ಕೊಟ್ಟರು. ಆಮೇಲೆ ಅತ್ತೆ ಹೆಮ್ಮೆಯಿಂದ ನನ್ನ ಕಡೆ ಕೈಮಾಡಿ, "ನಮ್ಮ ಅಳಿಯಾರು ಕೋರ್ಟಿನ್ಯಾಗ ಅದಾರ. ಸುಳ್ಳ ಹೇಳಾಂಗಿಲ್ಲ" ಎಂದರು.

ದಿನಕ್ಕೆ ಹತ್ತಾರು ಜನರಿಂದ ಪ್ರಮಾಣ ಮಾಡಿಸುವ ನಾನು ಎದೆಯುಬ್ಬಿಸಿ ಹೇಳಿದೆ: "ಮಾಸ್ತರ, ನಾ ಕುಡದಿದ್ದು ಕಷಾಯ ಒಂದ ನೋಡ್ರಿ. ಮತ್ತೇನೂ ಮುಟ್ಟಿಲ್ಲ."

ಮಾಸ್ತರು ತಲೆದೂಗಿ ಲೋಟ ಕೈಗೆತ್ತಿಕೊಂಡರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಬಸಣ್ಣ ಹತ್ತಿರ ಬಂದರು. ಅತ್ತಿತ್ತ ನೋಡಿ, ನನ್ನ ಕಿವಿಗೆ ಬಾಯಿ ಹಚ್ಚಿ, "ಅಲ್ರೀ, ನನಗ ಡಾಕ್ಟರು ಕೊಟ್ಟ ಸಿರಪ್ಪು ಹಸರ ಇತ್ತು. ನಿಮ್ದು ಯಾ ಬಣ್ಣದ್ರಿ?" ಎಂದು ಪಿಸುಗುಟ್ಟಿದರು.

"ಕೆಂಪು" ಎಂದೆ. ಆ ದಿನ ನನ್ನ ಬಾಯಿಂದ ಬಂದ ಸತ್ಯ ಅದೊಂದೇ.