ಮೆಣಸಿನಕಾಯಿ ಕೈಗೆ ಕೊಟ್ಟ ವಿಜ್ಞಾನಿ

ಮೂವತ್ತೊಂದು ವರ್ಷ ಅರಿಮಾ ಊರಿನ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆದವನು ನಾನು. (ಪಾಠ ಮಾಡುತ್ತಿದ್ದವರು ಬೇರೆಯವರು. ಆದರೆ ವಿಜ್ಞಾನವೆಲ್ಲ ಕೊನೆಗೆ ಬಂದು ಬೀಳುತ್ತಿದ್ದದ್ದು ನನ್ನ ತೊಟ್ಟಿಗೇ.) ಇಂಥ ವಿಚಾರವಾದಿಗೆ ದೇವರು ಗಂಟು ಹಾಕಿದ್ದು ಯೂನೀಸಳನ್ನು. ಟ್ರಿನಿಡಾಡಿನ ಮೂಢನಂಬಿಕೆಗಳೆಲ್ಲ ನಮ್ಮ ಮನೆಯಲ್ಲೇ ಬಿಡಾರ ಹೂಡಿವೆ. ಕತ್ತಲಾದ ಮೇಲೆ ಮನೆಗೆ ಬಂದರೆ ಹೊಸ್ತಿಲನ್ನು ಹಿಮ್ಮುಖವಾಗಿ ದಾಟಬೇಕು, ಇಲ್ಲದಿದ್ದರೆ ದೆವ್ವ ಬೆನ್ನಿಗೇ ಒಳಗೆ ಬರುತ್ತದಂತೆ. ನಾನೂ ಹಾಗೇ ದಾಟುತ್ತೇನೆ. ದೆವ್ವದ ಭಯಕ್ಕಲ್ಲ, ಯೂನೀಸಳ ಭಯಕ್ಕೆ.

ಹೀಗಿರುವಾಗ ಮೂಲೆಮನೆಯ ಇಂದ್ರಾಣಿ ರಾಮ್‌ಸೂಕ್ ಬರ್ಗರ್ ಹೋಟೆಲು ತೆರೆಯುವುದೆಂದಾಯಿತು. "ಮರ್ವಿನ್ ಅಂಕಲ್, ಬರ್ಗರ್‌ಗೆ ಒಂದು ಸಾಸ್ ಮಾಡ್ಕೊಡಿ. ಶನಿವಾರ ರುಚಿ ನೋಡ್ತೀನಿ. ಹಿಡಿಸಿದ್ರೆ ಬಾಟಲಿ ಮೇಲೆ ನಿಮ್ಮ ಹೆಸರು, ನಿಮ್ಮ ಫೋಟೋ!" ಅಂದಳು.

ನನ್ನ ಹೆಸರು! ಅಷ್ಟು ವರ್ಷ ದುಡಿದ ಶಾಲೆಯ ಗೋಡೆಯ ಮೇಲೂ ನನ್ನ ಹೆಸರಿಲ್ಲ. ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮನೆತನದ ಹೆಸರು ಸೇರಿಸಿ "ಲೆಜಾಮಾ ಜ್ವಾಲಾಮುಖಿ" ಎಂದು ಸಾಸಿಗೆ ನಾಮಕರಣವನ್ನೂ ಮುಗಿಸಿದೆ.

ಸಾಸೇನು ಬ್ರಹ್ಮವಿದ್ಯೆಯಲ್ಲ. ಕಾಯಿ ಪಪ್ಪಾಯಿ, ಬೆಳ್ಳುಳ್ಳಿ, ಒಂದು ಹಿಡಿ ಸೊಪ್ಪು, ಸಾಸಿವೆ, ಅರಿಶಿನ, ವಿನೆಗರ್, ಜೊತೆಗೆ ನಮ್ಮ ಹಿತ್ತಲಿನ, ಬೆಂಕಿಯಂಥ ಖಾರದ ಕಾಂಗೋ ಮೆಣಸಿನಕಾಯಿ. ರುಬ್ಬಿ, ಬಾಟಲಿಗೆ ತುಂಬಿ, ಮೂರು ದಿನ ಮುಚ್ಚಳ ತೆಗೆಯದೆ ಬಿಸಿಲಿಗಿಟ್ಟರೆ ಆಯಿತು. ಬುಧವಾರ ಬೆಳಿಗ್ಗೆ ಯೂನೀಸ್ ಪಪ್ಪಾಯಿ, ಸೊಪ್ಪು ಹೆಚ್ಚಿ ಮಿಕ್ಸಿಗೆ ಹಾಕುತ್ತಿದ್ದಳು. ನಾನು ಇಪ್ಪತ್ತು ಮೆಣಸಿನಕಾಯಿ ಕಿತ್ತು ತಂದು ಬೊಗಸೆ ಚಾಚಿದೆ.

"ಕೆಳಗಿಡು. ನಾನು ಎತ್ಕೋತೀನಿ," ಅಂದಳು.

"ಯಾಕೆ, ನಿನ್ನ ಕೈಗೇನಾಗಿದೆ?"

"ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಗತ್ತೆ. ನಮ್ಮಜ್ಜಿ ಹಂಗೆ ಕೊಟ್ಟು ಅವಳ ತಂಗಿ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟಿದ್ಲು."

"ನಿಮ್ಮಜ್ಜಿ ಯಾರ ಜೊತೆ ತಾನೇ ನೆಟ್ಟಗೆ ಮಾತಾಡಿದ್ಲು?"

"ಅಜ್ಜಿ ಸುದ್ದಿಗೆ ಬರಬೇಡ, ಮರ್ವಿನ್!"

ನನ್ನೊಳಗಿನ ವಿಜ್ಞಾನ ಕೆರಳಿತು. ಅವಳ ಅಂಗೈ ಹಿಡಿದು ಇಪ್ಪತ್ತನ್ನೂ ಸುರಿದುಬಿಟ್ಟೆ. "ಕೊಟ್ಟೆ! ಎಲ್ಲಿ, ಜಗಳ ಎಲ್ಲಿ?"

ಕೈಗೆ ಕೆಂಡ ಬಿದ್ದವಳಂತೆ ಕಿರುಚಿ, ಅವನ್ನೆಲ್ಲ ಮೇಜಿನ ಮೇಲಿನ ತಟ್ಟೆಗೆ ಹಾಕಿ ಬೋಗುಣಿ ಕವುಚಿದಳು. "ಎಲ್ಲಿ ಅಂತ ಕೇಳ್ತೀಯಾ? ಮತ್ತೆ ಇದೇನು, ಭಜನೆನಾ?"

"ಇದು ಜಗಳ ಅಲ್ಲ, ಚರ್ಚೆ!"

"ಚರ್ಚೆ ಆದ್ರೆ ಪಕ್ಕದ್ಮನೆ ಕಿಟಕಿ ಯಾಕೆ ತೆಗೀತು?"

ಅಲ್ಲಿಂದ ಚರ್ಚೆ ಎಲ್ಲೆಲ್ಲಿಗೋ ಹೋಯಿತು. ನಮ್ಮ ಮದುವೆಯಲ್ಲಿ ನಮ್ಮಣ್ಣ ಕೇಕಿನ ಮೇಲೆ ಕೂತದ್ದು ಬಂತು. ಅವಳ ತಮ್ಮ ಒಯ್ದ ನನ್ನ ಏಣಿ ಇನ್ನೂ ವಾಪಸು ಬರದಿದ್ದದ್ದು ಬಂತು. ಇದು ಜಗಳ ಹೌದೋ ಅಲ್ಲವೋ ಎಂಬುದರ ಮೇಲೇ ಮುಕ್ಕಾಲು ಗಂಟೆ ಜಗಳವಾಡಿದೆವು. ನಡುವೆ ಉಸಿರು ಬಿಡಲು ನಾನು ಹಿತ್ತಲಿಗೆ ಹೋಗಿ ಬಂದೆ. ಅಷ್ಟರಲ್ಲಿ ಅವಳು, "ಉಳಿದಿದ್ದು ನೀನೇ ಮಾಡ್ಕೋ, ಪ್ರೊಫೆಸರ್!" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಮಿಕ್ಸಿಯಲ್ಲಿ ಹಸಿರುಹಸಿರಾಗಿ ಏನೇನೋ ತುಂಬಿತ್ತು. ಮೆಣಸಿನಕಾಯಿಯನ್ನೂ ಹಾಕಿಯೇ ಹೋಗಿದ್ದಾಳೆಂದುಕೊಂಡು, ಸಾಸಿವೆ, ವಿನೆಗರ್ ಸುರಿದು ರುಬ್ಬಿದೆ. ಒಂದು ಸೀನು ಬರಲಿಲ್ಲ, ಕಣ್ಣಲ್ಲಿ ಒಂದು ಹನಿ ಇಲ್ಲ! ಕೈಪಳಗಿದವನ ಮುಂದೆ ಘಾಟು ಕೂಡ ಬಾಲ ಮುದುರುತ್ತದೆಂದು ಬೀಗಿದೆ. ಮೂರು ದಿನ ಮನೆಯಲ್ಲಿ ಮೌನವ್ರತ. ಮೇಜಿನ ಮೇಲಿನ ಬೋಗುಣಿಯನ್ನು ಅವಳು ಮುಟ್ಟಲಿಲ್ಲ, ನನಗೆ ಅದರ ನೆನಪೇ ಇರಲಿಲ್ಲ.

ಶನಿವಾರ ಹೋಟೆಲಿಗೆ ಹೋದೆವು. ಯೂನೀಸ್ ನನಗಿಂತ ಹತ್ತು ಹೆಜ್ಜೆ ಹಿಂದೆ. ಇಂದ್ರಾಣಿ ಬಾಟಲಿಗೆ ಕೈ ಚಾಚುವಷ್ಟರಲ್ಲಿ ಯೂನೀಸ್ ಮೌನ ಮುರಿದು, "ಮೇಜಿನ ಮೇಲಿಡು!" ಎಂದು ಕೂಗಿದಳು. ನಾನು ಬೇಕೆಂದೇ ಕೈಯಿಂದ ಕೈಗೇ ಕೊಟ್ಟೆ.

ಇಂದ್ರಾಣಿ ಬರ್ಗರಿಗೆ ಸವರಿ ಕಚ್ಚಿದಳು. ನಾನು ನೀರಿನ ಲೋಟ ಹಿಡಿದು ಸಿದ್ಧನಾಗಿ ನಿಂತೆ. ಅವಳ ಮುಖ ಅರಳಿತು. ಓಡಿಬಂದು ನನ್ನನ್ನು ತಬ್ಬಿಕೊಂಡಳು.

"ನೋಡಿದೆಯಾ?" ಎಂದು ಹೆಂಡತಿಯತ್ತ ತಿರುಗಿದೆ. "ಕೈಗೇ ಕೊಟ್ಟೆ. ಜಗಳ ಬಂತಾ? ಅಪ್ಪುಗೆ ಬಂತು!"

"ಅಂಕಲ್, ಇಷ್ಟು ದಿನ ಇದನ್ನೇ ಹುಡುಕ್ತಾ ಇದ್ದೆ!" ಅಂದಳು ಇಂದ್ರಾಣಿ. "ಖಾರದ ಸಾಸ್ ಊರಿಗೆಲ್ಲ ಬರತ್ತೆ. ಮಕ್ಕಳ ಬರ್ಗರ್‌ಗೆ ಹಾಕೋವಂಥದ್ದು ಯಾರೂ ಮಾಡಲ್ಲ. ನಮ್ಮ ಹಲ್ಲಿಲ್ಲದ ಅಜ್ಜಿನೂ ನೆಕ್ಕಬಹುದು. ಹೆಸರು ಗೊತ್ತಾಯ್ತು: ಮರ್ವಿನ್ ಅಂಕಲ್ಸ್ ಪಾಪು ಸಾಸ್!"

ಬಾಟಲಿ ಕಸಿದು ಬೆರಳದ್ದಿ ನೆಕ್ಕಿದೆ. ಪಪ್ಪಾಯಿ. ಬರೀ ಪಪ್ಪಾಯಿ! ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವಳು ಅಂಟಿದ ಬೆರಳಿನ ಸಮೇತ ನನ್ನ ಫೋಟೋ ಹಿಡಿದಾಗಿತ್ತು.

ಮನೆಗೆ ಬಂದ ಯೂನೀಸ್ ತನ್ನ ಶಾಸ್ತ್ರದಂತೆ ಹೊಸ್ತಿಲು ದಾಟಿ, ನೇರ ಮೇಜಿನ ಬಳಿ ಹೋಗಿ ಬೋಗುಣಿ ಎತ್ತಿದಳು. ಇಪ್ಪತ್ತೂ ಮೆಣಸಿನಕಾಯಿ ಬಾಡಿ ಮುದುರಿ ತಟ್ಟೆಯಲ್ಲೇ ಕೂತಿದ್ದವು.

"ಅದಕ್ಕೇ ಇಂದ್ರಾಣಿ ಜೊತೆ ಜಗಳ ಆಗ್ಲಿಲ್ಲ," ಅಂದಳು ತಣ್ಣಗೆ. "ಆ ಬಾಟಲೀಲಿ ಮೆಣಸಿನಕಾಯಿ ಎಲ್ಲಿತ್ತು, ಪ್ರೊಫೆಸರ್?"

ಆಗಲೇ ಕತ್ತಲಾಗಿತ್ತು, ನಾನಿನ್ನೂ ಹೊಸ್ತಿಲ ಹೊರಗೇ ಇದ್ದೆ. ತೆಪ್ಪಗೆ ಬೆನ್ನು ತಿರುಗಿಸಿ, ಹಿಮ್ಮುಖವಾಗಿ ಒಳಗೆ ಬಂದೆ.