ಒಂದು ಹುಳಕ್ಕೆ ಒಂದು ಸೀಸೆ

ಒಂದು ಹುಳಕ್ಕೆ ಒಂದೇ ಸೀಸೆ. ಅದು ಹೊಸದಿರಬೇಕು, ಒಳಗೆ ಶುದ್ಧ ಆಲ್ಕೋಹಾಲ್ ಇರಬೇಕು, ಹುಳವನ್ನು ಚಿಮಟದಿಂದಲೇ ಎತ್ತಬೇಕು. ನಿಯಮ ಇಷ್ಟೇ. ಇದನ್ನು ಮುರಿಯದವರನ್ನು ಹುಡುಕಿ ಹುಡುಕಿ ನಾನು ಸೋತಿದ್ದೆ.

ನಾನು ಪ್ರಾಣಿಶಾಸ್ತ್ರದ ಅಧ್ಯಾಪಕ. ಕೀಟಗಳ ಡಿಎನ್‌ಎ ಹೋಲಿಸಿ, ಯಾವ ಗಣ ಯಾವುದಕ್ಕೆ ಹತ್ತಿರದ ಬಳಗ ಎಂದು ನೋಡುವುದು ನನ್ನ ವಿದ್ಯಾರ್ಥಿನಿಯ ಸಂಶೋಧನೆ. ಒಂದರ ಡಿಎನ್‌ಎ ಇನ್ನೊಂದಕ್ಕೆ ಸೋಕಿದರೆ ಎಲ್ಲ ಕೆಟ್ಟಂತೆ. ಗೆದ್ದಲು, ಜಿರಲೆ, ಮಿಡತೆ ಎಲ್ಲ ಆಗಿತ್ತು. ಕಲ್ಲಿನಡಿ ರೇಷ್ಮೆಯ ಸುರಂಗ ನೇಯ್ದು ಬದುಕುವ ಒಂದು ಸಣ್ಣ ಹುಳ ಮಾತ್ರ ಬಾಕಿ. ಅದು ಸಿಗದೆ ಆಕೆಯ ಪಿಎಚ್‌ಡಿ ಮುಗಿಯುವಂತಿರಲಿಲ್ಲ.

೧. ಸೇಡಂ

ಅಲ್ಲಿನ ಮಾಸ್ತರರೊಬ್ಬರು "ನಿಮ್ಮ ಹುಳ ಸಿಕ್ಕದ, ಬರ್ರಿ" ಎಂದು ಫೋನ್ ಮಾಡಿದರು. ಹೋದರೆ, ಉಪ್ಪಿನಕಾಯಿ ಬಾಟಲಿಯೊಂದರಲ್ಲಿ ನಮ್ಮ ಹುಳ, ಇರುವೆ, ಜೀರುಂಡೆ, ಅರ್ಧ ಚಿಟ್ಟೆ.

"ಬ್ಯಾರೆ ಬ್ಯಾರೆ ಇಡ್ರಿ ಅಂದಿದ್ದೆನಲ್ರಿ!"

"ಇವು ಒಂದಕ್ಕೊಂದು ಏನಾಗಬೇಕು ಅಂತ ನೀವು ಹುಡುಕಾಕತ್ತೀರಿ. ಅದಕ್ಕ ಎಲ್ಲಾರ್ನೂ ಒಂದ್ಕಡಿ ಕುಂದ್ರಿಸೀನ್ರಿ ಸರ. ತಾವೇ ಮಾತಾಡಿ ಬಗಿಹರಿಸ್ಕೊಳ್ಳಲಿ."

೨. ಚಿತ್ತಾಪುರ

ಎರಡನೆಯ ಹುಳ ಕಂಡದ್ದು ನಮ್ಮ ಜೀಪಿನ ಡ್ರೈವರನಿಗೆ. ಊಟ ಮುಗಿಸಿ ಬಂದವನೇ ಬರಿಗೈಯಲ್ಲಿ ಹಿಡಿದು ಸೀಸೆಗೆ ಹಾಕಿದ. ಪ್ರಯೋಗಾಲಯದಿಂದ ವರದಿ ಬಂತು: ಕೋಳಿ.

"ನೋಡು, ಹುಳದ ಬದಲು ಕೋಳಿಯ ಡಿಎನ್‌ಎ ಬಂದದ. ಬಿರಿಯಾನಿ ತಿಂದ ಕೈ ತೊಳೀಲಿಲ್ಲ ನೀನು!"

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಪಕ್ಕಾ ಕೋಳೀನೇ ಏನ್ರಿ?"

"ಪಕ್ಕಾ."

"ಈ ಕಾಗದ ನನಗ ಕೊಡ್ರಿ ಸರ. ಆ ಖಾನಾವಳಿಯಂವ ಮಟನ್ ಅಂತ ಹೇಳಿ ತಿನ್ನಿಸ್ಯಾನ!"

೩. ಶಹಾಬಾದ

ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಷ್ ಮಾಡುವಲ್ಲಿ ದುಡಿಯುವ ಒಬ್ಬ ಹೆಂಗಸು ಹಳೆಯ ಪರಸಿಯಡಿ ಹುಳ ಕಂಡು, ಅದರ ಮೇಲೆ ಚಹಾದ ಗ್ಲಾಸು ಬೋರಲು ಹಾಕಿ ನನ್ನನ್ನು ಕರೆಸಿದಳು. ಜೊತೆಗೆ ತಂದಿದ್ದ ಹೊಸ ಸೀಸೆಗಳೆಲ್ಲ ಹಿಂದಿನ ದಿನ ಚಿಂಚೋಳಿ ಕಾಡಿನಲ್ಲೇ ತೀರಿದ್ದವು. ಜೇಬಿನಲ್ಲಿ ಒಂದು ಬಳಸಿದ ಸೀಸೆ ಇತ್ತು. ಬಿಸಿಲು, ಸುಸ್ತು. ನಳದಡಿ ತೊಳೆದೆ.

"ಇದರಾಗೇ ಹಾಕೋಣವ್ವಾ. ನಡೀತದ."

ಆಕೆ ಗ್ಲಾಸಿನ ಮೇಲೆ ಅಂಗೈ ಊರಿದಳು. "ಹೊಸಾ ಸೀಸೀನೇ ಬೇಕು ಅಂತ ಹ್ವಾದ ವಾರ ಇಲ್ಲೇ ನಿಂತು ತಾಸುಗಟ್ಟಲೆ ಹೇಳೀರಿ. ಹೊಸಾದು ಎಲ್ಲೈತಿ?"

"ವಾಡಿಯಲ್ಲಿ, ನನ್ನ ರೂಮಿನಲ್ಲಿ."

"ವಾಡಿ ಏನ್ ದಿಲ್ಲಿ ಏನ್ರಿ? ಹೋಗಿ ತರ್ರಿ."

ಮಾಲೀಕ ಕೂಗಿದ: "ಏ ಯಕ್ಕಾ, ಲಾರಿ ನಿಂತದ! ಗ್ಲಾಸೂ ನಂದೇ, ಚಹಾ ಆರಾಕತ್ತದ!"

"ಬೊಗಸ್ಯಾಗ ಕುಡೀರಿ."

ನಾನು ಇನ್ನೊಮ್ಮೆ "ಒಂದೇ ಸಲ ನಡೀತದವ್ವಾ" ಎಂದೆ. ಆಕೆ ಒಂದು ಕೈ ಗ್ಲಾಸಿನ ಮೇಲಿಟ್ಟುಕೊಂಡೇ, ಇನ್ನೊಂದು ಕೈಯಿಂದ ನನ್ನ ಸೀಸೆ ಕಸಿದು ಪಾಲಿಷಿನ ಕೆಸರುಗುಂಡಿಗೆ ಒಗೆದಳು.