ಇಪ್ಪತ್ತು ನಿಮಿಷ ಮಾತಾಡಿಸಬೇಡಿ

ಐವತ್ತು ದಾಟಿದ ಗಂಡಸಿಗೆ ಹಿಡಿಯುವ ಹುಚ್ಚುಗಳಲ್ಲಿ ಸೈಕಲ್ಲಿನ ಹುಚ್ಚಿನಿಂದ ಯಾರಿಗೂ ಉಪದ್ರವವಿಲ್ಲ ಎಂದು ನಂಬಿದ್ದೆ. ಅರಸೀಕೆರೆಯ ಕಾಲೇಜೊಂದರ ಗುಮಾಸ್ತ ನಾನು. ಬಿಗಿ ಚಡ್ಡಿ ತೊಟ್ಟು, ಬಡಿತ ಎಣಿಸುವ ಪಟ್ಟಿಯನ್ನು ಎದೆಗೆ ಬಿಗಿದುಕೊಂಡು ಹೊರಟರೆ ಊರಿಗೇನು ನಷ್ಟ? ನಮ್ಮ ಸೈಕಲ್ ಬಳಗದ ಗುರು ರಮ್ಯಾಗೆ ನನ್ನ ಮಗಳ ವಯಸ್ಸು. ಅವಳ ಪ್ರಕಾರ ಎದೆಬಡಿತಕ್ಕೆ ನಿಧಾನದಿಂದ ಜೋರಿನವರೆಗೆ ಐದು ಝೋನುಗಳಿವೆ. ಹೆಚ್ಚು ಹೊತ್ತು ಎರಡನೆಯದರಲ್ಲೇ ಓಡಿಸಿದರೆ ದಮ್ಮು ಬೆಳೆಯುತ್ತದೆ. ಅದೆಷ್ಟು ನಿಧಾನವೆಂದರೆ, ಹಾಲಿನ ಕ್ಯಾನು ಕಟ್ಟಿಕೊಂಡ ಅಜ್ಜನೊಬ್ಬ ತನ್ನ ಹಳೇ ಸೈಕಲ್ಲಿನಲ್ಲಿ ನನ್ನನ್ನು ಹಿಂದೆ ಹಾಕಿ, "ಪಂಚರ್ ಆಗೈತಾ ಸಾಮಿ?" ಎಂದು ಕನಿಕರಿಸಿದ್ದ.

ಝೋನು ಗೊತ್ತಾಗಲು ಮೊದಲು ನಮ್ಮ ಮಿತಿ ಗೊತ್ತಾಗಬೇಕಂತೆ. ಅದಕ್ಕೊಂದು ಪರೀಕ್ಷೆ: ಇಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ, ಜೀವ ಬಾಯಿಗೆ ಬರುವಂತೆ ತುಳಿಯುವುದು. "ಟೆಸ್ಟ್ ಮುಗಿಸಿದವರು ಭಾನುವಾರ ಹಳೇಬೀಡಿಗೆ ಮುಂದಿನ ಗುಂಪಲ್ಲಿ ಬರ್ತಾರೆ. ಮಿಕ್ಕವರು ಹಿಂದೆ, ಉಪ್ಪಿಟ್ಟಿನ ವ್ಯಾನ್ ಜೊತೆ," ಎಂದಳು ರಮ್ಯಾ. ಇಡೀ ವಿದ್ಯಾರ್ಥಿ ಜೀವನದಲ್ಲಿ ಮುಂದಿನ ಬೆಂಚಿಗೆ ಆಸೆಪಡದ ನನಗೆ ಅಂದು ಎಲ್ಲಿಲ್ಲದ ಛಲ ಬಂತು.

ಬೆಳಿಗ್ಗೆ ಬಾಣಾವರದ ರಸ್ತೆಯಲ್ಲಿ ಪ್ರಾಣ ಪಣಕ್ಕಿಟ್ಟು ತುಳಿದೆ. ಏಳನೇ ನಿಮಿಷಕ್ಕೆ ಪರಿಚಯದ ಚಿಕ್ಕಣ್ಣನ ಟೀ ಅಂಗಡಿ. "ಸಾರ್, ಎಲ್ಲಿಗ್ ಹೊಂಟ್ರಿ?" ಎಂದ. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವುದು ಯಾರಾದರೂ ತೀರಿಕೊಂಡಾಗ ಮಾತ್ರ. ನಾನು ಹೋದೆ. ಗಾಳಿಗೆ ಕಣ್ಣಲ್ಲಿ ನೀರು ಬೇರೆ ಸುರಿಯುತ್ತಿತ್ತು.

ಚಿಕ್ಕಣ್ಣ ತಕ್ಷಣ ನನ್ನ ಹೆಂಡತಿ ಸುಜಾತಳಿಗೆ ಫೋನು ಮಾಡಿದನಂತೆ. "ಅಕ್ಕಾ, ಸಾರ್ ಅಳ್ತಾ ಬಾಣಾವರದ ಕಡೆ ಹೋದ್ರು. ನಿಮ್ ನಾದ್ನಿ ಚೆನ್ನಾಗವ್ರಾ?" ಬಾಣಾವರದಲ್ಲಿರುವ ನನ್ನ ತಂಗಿ ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದಳು, ಫೋನು ಎತ್ತಲಿಲ್ಲ. ಬೀದಿಯವರಿಗೆ ಅಷ್ಟು ಸಾಕಾಯಿತು.

ಪರೀಕ್ಷೆ ಮುಗಿಸಿ, ಗೆದ್ದ ಹುಮ್ಮಸ್ಸಿನಲ್ಲಿ ನಮ್ಮ ಬೀದಿಗೆ ತಿರುಗಿದರೆ ಮನೆ ಮುಂದೆ ಜನ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸುಜಾತ ಮಾತ್ರ ಕಾಣಲಿಲ್ಲ. ಅವಳಿಗೇ ಏನೋ ಆಗಿದೆ ಅಂದುಕೊಂಡೆ. ಆ ಕೊನೆಯ ನೂರು ಮಾರು ಹೇಗೆ ತುಳಿದೆನೋ ದೇವರಿಗೇ ಗೊತ್ತು. ಅಷ್ಟರಲ್ಲಿ ಒಳಗಿಂದ ಬಂದ ಅವಳು ನನ್ನ ಚಡ್ಡಿಯನ್ನೇ ದಿಟ್ಟಿಸಿ, "ರೀ, ಸಾವಿನ ಮನೆಗೆ ಈ ವೇಷದಲ್ಲಾ ಹೋಗೋದು?" ಎಂದಳು. ಅಷ್ಟು ಇಂಪಾದ ಬೈಗುಳವನ್ನು ನಾನು ಈವರೆಗೆ ಕೇಳಿಲ್ಲ.

ಎದೆಪಟ್ಟಿಯ ಲೆಕ್ಕ ಕಳಿಸಿದ್ದಕ್ಕೆ ಮಧ್ಯಾಹ್ನ ರಮ್ಯಾಳ ಸಂದೇಶ ಬಂತು: "ಸರ್, ಟೆಸ್ಟಲ್ಲಿ ನೀವು ಪೂರ್ತಿ ಶಕ್ತಿ ಹಾಕಿಲ್ಲ. ಮನೆ ಹತ್ರಾನೇ ಬಡಿತ ಜಾಸ್ತಿ ಹೋಗಿದೆ. ನಾಳೆ ಇನ್ನೊಂದ್ಸಲ ಮಾಡಿ, ಇಲ್ಲಾಂದ್ರೆ ವ್ಯಾನ್." ಸುಜಾತ ಅದನ್ನು ಎರಡು ಸಲ ಓದಿದಳು. ನನ್ನ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿ, ಬಾಣಾವರದ ರಸ್ತೆಯಲ್ಲಿರುವ ಪರಿಚಯದವರಿಗೆಲ್ಲ ಫೋನು ಮಾಡಲು ಕೂತಳು.

ಮರುದಿನ ಯಾರೂ ಏನೂ ಕೇಳಲಿಲ್ಲ. ತೆಂಗಿನಕಾಯಿ ಸುಲಿಯುತ್ತಿದ್ದವರು ತಲೆ ತಗ್ಗಿಸಿದರು. ಬಸ್ಸಿಗೆ ಕಾಯುತ್ತಿದ್ದ ನಮ್ಮ ಕಾಲೇಜಿನ ಜವಾನ ಬೆನ್ನು ತಿರುಗಿಸಿದ. ಚಿಕ್ಕಣ್ಣನಂತೂ ಬಾಯಿಗೆ ಟವೆಲು ಅಡ್ಡ ಹಿಡಿದು ನಿಂತಿದ್ದ. ಕಾಲು ಸೊಗಸಾಗಿ ಓಡುತ್ತಿತ್ತು, ಬಡಿತ ಏರುತ್ತಿತ್ತು, ಮುಂದಿನ ಗುಂಪು ಕೈಗೆಟುಕುವಂತಿತ್ತು. ಆದರೆ ನಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಈ ಭೂಮಿಯ ಮೇಲೆ ಒಬ್ಬರಿಗೂ ಬೇಡವಾಗಿತ್ತು. ಅಂಗಡಿ ದಾಟಿ ಹತ್ತು ಮಾರು ಹೋದವನು ಬ್ರೇಕು ಹಿಡಿದೆ. ಸೈಕಲ್ಲು ತಿರುಗಿಸಿಕೊಂಡು ಬಂದೆ.

"ಬಾಣಾವರಕ್ಕೆ ಕಣಯ್ಯಾ ಚಿಕ್ಕಣ್ಣ," ಎಂದೆ ಏದುಸಿರು ಬಿಡುತ್ತಾ. "ಒಂದ್ ಮಾತು ಕೇಳಬಾರ್ದಾ?"